ವಿಮಾನದ ಬಾಗಿಲಿನ ಮುನಿವೆಂಕಟಪ್ಪ

ಮುನಿವೆಂಕಟಪ್ಪನವರು ತಮ್ಮ ಮನೆಯ ಬಾಗಿಲನ್ನೂ ಎರಡು ಸಲ ತಟ್ಟಿ, ಒಳಗಿನಿಂದ ಯಾರಾದರೂ ಮುಖ ತೋರಿಸುವ ತನಕ ಹೊರಗೇ ನಿಂತಿರುತ್ತಿದ್ದರು. ಬಾಗಿಲು ಹಾರುಹೊಡೆದಿದ್ದರೂ ಅಷ್ಟೆ. ಹೆಂಡತಿ ಲಕ್ಷ್ಮಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದು, "ಇದು ಇಮಾನ ಅಲ್ಲ, ಮನೆ. ಬನ್ನಿ ಒಳಕ್ಕೆ" ಎನ್ನಬೇಕು. ಆಮೇಲೆಯೇ ಅವರು ಚಪ್ಪಲಿ ಬಿಡುತ್ತಿದ್ದುದು. ನೆಂಟರ ಮನೆಯಲ್ಲಿ ಹೀಗೆ ನಿಂತುಬಿಟ್ಟರೆ ಮರ್ಯಾದಸ್ಥರು ಎಂದುಕೊಳ್ಳುತ್ತಿದ್ದರಂತೆ. ಅಂಗಡಿಯ ಮುಂದೆ ನಿಂತರೆ ಸಾಲ ಕೇಳಲು ಬಂದವರೆಂದು ಅಂಗಡಿಯವನು ಮುಖ ತಿರುಗಿಸುತ್ತಿದ್ದನಂತೆ. ಎರಡನ್ನೂ ಲಕ್ಷ್ಮಮ್ಮನೇ ನನಗೆ ಹೇಳಿದ್ದು.

ಅವರ ಊರು ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣದ ಪಕ್ಕದ ವಿಭೂತಿಪುರ. ಅದು ಊರಾಗಿದ್ದ ಕಾಲದಲ್ಲಿ ಅವರ ತಾತನಿಗೆ ಅಲ್ಲಿ ರಾಗಿ ಹೊಲವಿತ್ತು. ಹೊಲದ ಒಂದು ಪಾಲು ರನ್‌ವೇಗೆ ಹೋಯಿತು, ಮಿಕ್ಕಿದ್ದು ಆಮೇಲೆ ಸೈಟುಗಳಾಯಿತು. ವಿಮಾನ ಇಳಿಯುವಾಗೆಲ್ಲ ಅವರು, "ನಮ್ಮ ತಾತ ಉಳುತ್ತಿದ್ದ ಜಾಗದಲ್ಲೇ ಚಕ್ರ ಊರ್ತದೆ ನೋಡು" ಎನ್ನುತ್ತಿದ್ದರು. ಅದರಲ್ಲಿ ಕೊರಗೇನೂ ಇರಲಿಲ್ಲ. ಬಸ್ಸು ತಮ್ಮ ಮನೆ ಮುಂದೆಯೇ ನಿಲ್ಲುತ್ತದೆ ಎಂದು ಹೇಳುವವರ ಧಾಟಿಯಲ್ಲಿ ಹೇಳುತ್ತಿದ್ದರು. ಖಾಸಗಿ ವಿಮಾನ ಕಂಪನಿಗಳು ಹುಟ್ಟಿಕೊಂಡ ತೊಂಬತ್ತರ ದಶಕದಲ್ಲಿ ಅಂಥದೊಂದು ಕಂಪನಿಗೆ ಅವರು ಮೆಕ್ಯಾನಿಕ್ ಆಗಿ ಸೇರಿದರು. ಎಂಜಿನ್ನಿನವರು ಎಂಜಿನ್ ನೋಡುತ್ತಿದ್ದರು, ಚಕ್ರದವರು ಚಕ್ರ. ಇವರದು ಬಾಗಿಲು. ಎಲ್ಲರೂ ಅವರನ್ನು ಮುನಿಯಣ್ಣ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ.

ನಾನು ಅದೇ ಕಂಪನಿಯಲ್ಲಿ ಗಗನಸಖಿ. ಆಗ ನನಗೆ ಇಪ್ಪತ್ತೆರಡು. ಹಲಸೂರಿನ ಗೌತಮಪುರದ ಹುಡುಗಿಯೊಬ್ಬಳು ವಿಮಾನದಲ್ಲಿ ಕೆಲಸಕ್ಕೆ ಸೇರಿದಳೆಂದು ನಮ್ಮ ಬೀದಿಯವರು ಶಾಮಿಯಾನ ಹಾಕಿಸುವುದೊಂದು ಬಾಕಿ. ಅಪ್ಪನಿಗೆ ಕೆ.ಆರ್. ಪುರದ ಸ್ಟೇಷನ್ನಿನಲ್ಲಿ ಪಾರ್ಸೆಲ್ ಗುಮಾಸ್ತೆಯ ಕೆಲಸ. ಸಹೋದ್ಯೋಗಿಗಳಿಗೆಲ್ಲ ತೋರಿಸಿ ತೋರಿಸಿ ನನ್ನ ಯೂನಿಫಾರ್ಮಿನ ಫೋಟೋದ ಮೂಲೆ ಮುದುರಿಹೋಗಿತ್ತು. ನನಗೆ ಇನ್ನೂ ಕೆಲಸ ಖಾಯಂ ಆಗಿರಲಿಲ್ಲ. ಇದನ್ನು ನೆನಪಿಟ್ಟುಕೊಂಡರೆ ಮುಂದೆ ನಾನು ಮಾಡಿದ್ದು ಅರ್ಥವಾಗುತ್ತದೆ. ಕ್ಷಮೆಗೆ ಅಷ್ಟು ಸಾಕಾಗದು.

ವಿಮಾನದ ಬಾಗಿಲಿನ ವಿಷಯ ಇಲ್ಲಿ ಸ್ವಲ್ಪ ಹೇಳಬೇಕು. ಬಾಗಿಲಿನ ಹೊಟ್ಟೆಯಲ್ಲಿ ರಬ್ಬರಿನ ಒಂದು ಜಾರುಬಂಡೆಯನ್ನು ಮಡಿಸಿಟ್ಟಿರುತ್ತಾರೆ. ಬೆಂಕಿಗಿಂಕಿ ಬಿದ್ದು ಬಾಗಿಲು ತೆಗೆದರೆ ಅದು ಸಿಡಿದು, ಗಾಳಿ ತುಂಬಿಕೊಂಡು ನೆಲಕ್ಕೆ ಚಾಚಿಕೊಳ್ಳುತ್ತದೆ, ಜನ ಜಾರಿ ಪಾರಾಗಬಹುದು. ಹೊರಡುವ ಮುನ್ನ ನಾವು ಅದರ ಲೋಹದ ಸರಳನ್ನು ನೆಲದ ಕೊಂಡಿಗೆ ಸಿಕ್ಕಿಸಿ, ಬಾಗಿಲಿನ ಪುಟ್ಟ ಕಿಟಕಿಗೆ ಅಡ್ಡವಾಗಿ ಒಂದು ಕೆಂಪು ಪಟ್ಟಿ ಎಳೆಯುತ್ತಿದ್ದೆವು. ಪಟ್ಟಿ ಕಂಡರೆ ಹೊರಗಿನವರು ಮುಟ್ಟಬಾರದು ಎಂದು ಅರ್ಥ. ಇಳಿದ ಮೇಲೆ ಮೊದಲು ಸರಳು ಬಿಡಿಸಬೇಕು, ಆಮೇಲೆ ಪಟ್ಟಿ ತೆಗೆಯಬೇಕು. ಹೊರಗೆ ಏಣಿಯ ಮೇಲೆ ನಿಂತವನು ಬಾಗಿಲು ತಟ್ಟಿ, ಪಟ್ಟಿ ಇಲ್ಲವೆಂದು ನೋಡಿ, ಒಳಗಿನವಳು ಕಿಟಕಿಯಲ್ಲಿ ಹೆಬ್ಬೆರಳು ಎತ್ತಿ ತೋರಿಸಿದ ಮೇಲೆ ಹಿಡಿ ತಿರುಗಿಸಬೇಕು. ಇದರಲ್ಲಿ ಒಂದು ತಪ್ಪಿದರೂ ಆ ಜಾರುಬಂಡೆ ಏಣಿಯ ಮೇಲಿದ್ದವನ ಎದೆಗೇ ಸಿಡಿಯುತ್ತದೆ.

ಮುನಿಯಣ್ಣನ ಪರಿಚಯ ಆದದ್ದು ಒಬ್ಬ ಕುಡುಕನ ದೆಸೆಯಿಂದ. ಮುಂಬೈಯಿಂದ ಬರುವಾಗ ಒಬ್ಬ ಆಸಾಮಿ ಏರುವ ಮೊದಲೇ ಚೆನ್ನಾಗಿ ಏರಿಸಿಕೊಂಡಿದ್ದ. ಬೇರೆ ಸೀಟು ಕೊಡಲಿಲ್ಲವೆಂದು ಆಕಾಶದ ನಡುವೆ ಎದ್ದು ಹಿಂದಿನ ಬಾಗಿಲಿನ ಹಿಡಿ ಹಿಡಿದು, ತೆಗೆದೇಬಿಡುತ್ತೇನೆ, ಎಲ್ಲರೂ ಸಾಯಿರಿ ಎಂದು ಕೂಗಾಡಿದ. ಜನ ದೇವರ ಹೆಸರು ಹೇಳತೊಡಗಿದರು. ನಾನು ಅವನ ತೋಳು ಹಿಡಿದು ಜೋತುಬಿದ್ದಿದ್ದೆ. ವಿಮಾನ ಇಳಿಯುವ ತನಕ ಬಿಡಲಿಲ್ಲ. ಪೊಲೀಸರು ಅವನನ್ನು ಕರೆದೊಯ್ದರು, ಮುನಿಯಣ್ಣ ಬಂದು ಬಾಗಿಲಿನ ಅಂಚನ್ನೆಲ್ಲ ಬೆರಳಲ್ಲಿ ಸವರಿ ನೋಡಿದರು. ಬಾಗಿಲು ತೆರೆದುಕೊಂಡಿದ್ದರೆ ಏನು ಗತಿ ಎಂದು ನಾನು ಕೇಳಿದೆ. ಅವರು ನನ್ನನ್ನು ಕೂರಿಸಿ, ನಿಮ್ಮನೇಲಿ ಒಳಮುಚ್ಚಳದ ಕುಕ್ಕರ್ ಐತಾ ಎಂದರು. ಇದೆ ಎಂದೆ.

"ಬೇಳೆ ಬೇಯೋವಾಗ ಆ ಮುಚ್ಚಳ ಎಳೆದು ತಗಿ ನೋಡಾನ. ನಿಮ್ಮಪ್ಪ ಬಂದ್ರೂ ಆಗಲ್ಲ, ಪೈಲ್ವಾನ್ ಬಂದ್ರೂ ಆಗಲ್ಲ. ಒಳಗಿನ ಗಾಳಿನೇ ಅದನ್ನ ಒತ್ತಿ ಹಿಡಿದಿರ್ತದೆ. ಇದೂ ಅದೇಯ, ಮೊದ್ಲು ಒಳಕ್ಕೆ ಬಂದು ಆಮ್ಯಾಕೆ ಹೊರಕ್ಕೆ ಹೋಗೋ ಕದ. ಮ್ಯಾಲೆ ಹಾರೋವಾಗ ಕದ ಹಿಡ್ಕೊಂಡೋನಿಗೆ ಹೆದರಬ್ಯಾಡ ಕಣಮ್ಮ. ಕೆಳಗೆ ನಿಂತಾಗ ಹಿಡ್ಕೊಳ್ತಾನಲ್ಲ, ಅವನಿಗೆ ಹೆದರು."

ಅಂದಿನಿಂದ ನಾನು ಅವರ ಶಿಷ್ಯೆ. ಅವರ ಡ್ಯೂಟಿ ಇದ್ದ ದಿನ ಬೇಕೆಂದೇ ಬಾಗಿಲ ಬಳಿ ಎರಡು ನಿಮಿಷ ನಿಲ್ಲುತ್ತಿದ್ದೆ. ಅವರಿಗೆ ಪ್ರಯಾಣಿಕರ ಮೇಲೆ ಸಿಟ್ಟಿರಲಿಲ್ಲ. ಹಿಡಿ ತಿರುಗಿಸುವವರಲ್ಲಿ ಅವರು ಮೂರು ಜಾತಿ ಮಾಡಿದ್ದರು. ಕಕ್ಕಸಿನ ಬಾಗಿಲು ಎಂದುಕೊಂಡು ತಿರುಗಿಸುವವರು ಪಾಪದವರು, ಕೊಲ್ಲಿ ದೇಶಕ್ಕೆ ಕೂಲಿಗೆ ಹೋಗುವವರು, ಅವರಿಗೆ ಬೈಯಬಾರದು. ಕುಡಿದು ತಿರುಗಿಸುವವರಿಗೆ ಆ ಹೊತ್ತಿನಲ್ಲಿ ಬೈದು ಪ್ರಯೋಜನವಿಲ್ಲ. ಮೂರನೆಯವರು 'ನಾನ್ಯಾರು ಗೊತ್ತಾ' ಎನ್ನುವವರು. ಅವರನ್ನು ಬಾಗಿಲ ಹತ್ತಿರವೇ ಬಿಟ್ಟುಕೊಳ್ಳಬಾರದು, ಅಷ್ಟೇ.

ಇಂಥ ಮನುಷ್ಯ ಒಂದು ಸಲ ತಾವೇ ಪುಂಡ ಪ್ರಯಾಣಿಕರಾಗಿಬಿಟ್ಟರು. ಕಂಪನಿ ಕೊಟ್ಟ ಪಾಸಿನಲ್ಲಿ ಯಾರದೋ ಮದುವೆಗೆಂದು ಮದರಾಸಿಗೆ ಹೊರಟಿದ್ದರು. ಬಿಳಿ ಪಂಚೆ, ಇಸ್ತ್ರಿ ಷರಟು, ಕೊನೆಯ ಸಾಲಿನ ಸೀಟು. ವಿಮಾನ ಇಳಿಯಲು ಶುರುಮಾಡಿ, ಎಲ್ಲರೂ ಬೆಲ್ಟು ಹಾಕಿಕೊಂಡು ಕೂತಿರುವಾಗ ಇವರು ಎದ್ದು, ಹಿಂದಿನ ಬಾಗಿಲಿಗೆ ಕಿವಿಕೊಟ್ಟು, ಎರಡೂ ಕೈಯಲ್ಲಿ ಅಂಚನ್ನು ತಡವತೊಡಗಿದರು. ಅಲ್ಲಿ ಸಣ್ಣಗೆ ಸಿಳ್ಳೆಯ ಸದ್ದು ಕೇಳಿಸಿತಂತೆ. ಪಕ್ಕದಲ್ಲಿದ್ದ ನಿವೃತ್ತ ಮಿಲಿಟರಿಯವರೊಬ್ಬರು ಬಾಗಿಲು ತೆಗೆಯುತ್ತಿದ್ದಾನೆ ಎಂದು ಕೂಗಿ, ಇವರ ಕಾಲರು ಹಿಡಿದು ಸೀಟಿಗೆ ಕುಕ್ಕಿದರು. ನಾನು ಓಡಿಬಂದು ನೋಡುತ್ತೇನೆ, ನಮ್ಮ ಮುನಿಯಣ್ಣ! ನಗು ತಡೆಯಲಾರದೆ ಕಕ್ಕಸಿನೊಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಇಳಿದ ಮೇಲೆ ನೋಡಿದರೆ ಬಾಗಿಲಿನ ಸುತ್ತಲ ರಬ್ಬರು ಒಂದು ಕಡೆ ನಿಜವಾಗಿಯೂ ಸೀಳಿತ್ತು. ಎಲ್ಲರೂ ಅವರ ಬೆನ್ನು ತಟ್ಟಿದರು. ಅವರು ಮಾತ್ರ ನನ್ನ ಹತ್ತಿರ ಬಂದು, ರಿಪೋರ್ಟಿನಲ್ಲಿ ನನ್ನ ಹೆಸರು ಬರೆದೆಯಾ ಎಂದು ಕೇಳಿದರು. ಬೆಲ್ಟು ಬಿಚ್ಚಿ ಎದ್ದ ಪ್ರಯಾಣಿಕನ ಹೆಸರು ಬರೆಯಬೇಕೆಂಬುದು ನಿಯಮ. ಬಿಡಿ ಮುನಿಯಣ್ಣ, ನಿಮ್ಮನ್ನು ಯಾರು ಬರೆಯುತ್ತಾರೆ ಎಂದೆ. ಅವರ ಮುಖ ಬಾಡಿತು. ನಮ್ಮವರು ಅಂತ ಒಂದನ್ನು ಬಿಟ್ಟರೆ ನಾಳೆ ಇನ್ನೊಂದನ್ನು ಬಿಡುತ್ತೀಯ ಎಂದರು. ಅತಿಯಾಯಿತು ಎಂದು ನನಗೆ ಅನ್ನಿಸಿತು. ಬರೆಯಲಿಲ್ಲ.

ಅದಾದ ಮುಂದಿನ ಚಳಿಗಾಲ. ದೆಹಲಿಯಲ್ಲಿ ಮಂಜು ಕವಿದು, ಬೆಳಗ್ಗೆ ಬರಬೇಕಾಗಿದ್ದ ವಿಮಾನ ಬೆಂಗಳೂರಿಗೆ ಇಳಿದಾಗ ಮಧ್ಯಾಹ್ನ ಮೂರು ದಾಟಿತ್ತು. ಕೊಟ್ಟಿದ್ದು ಒಂದು ಸ್ಯಾಂಡ್‌ವಿಚ್. ಜನ ರೋಸಿಹೋಗಿದ್ದರು, ಅವರದೇನೂ ತಪ್ಪಿಲ್ಲ. ಅದರಲ್ಲಿ ಮುಂದಿನ ಸಾಲಿನ ಒಬ್ಬ, ಇಟ್ಟಿಗೆಯಂಥ ಮೊಬೈಲು ಹಿಡಿದವನು, ಮುನಿಯಣ್ಣನ ಮೂರನೆಯ ಜಾತಿ. ಚಕ್ರ ನೆಲ ಮುಟ್ಟಿದ್ದೇ ಎದ್ದು ಸೂಟ್‌ಕೇಸು ಇಳಿಸಿಕೊಂಡು, ವಿಮಾನ ನಿಲ್ಲುವಷ್ಟರಲ್ಲಿ ಮುಂಬಾಗಿಲಿಗೆ ಬಂದು ನನ್ನ ಮೈಮೇಲೆ ನಿಂತ. ಅವನಿಗೆ ಯಾವುದೋ ಮಂತ್ರಿಯ ಜೊತೆ ಮೀಟಿಂಗಂತೆ. ಬಾಗಿಲು ತೆಗಿ, ಇಲ್ಲದಿದ್ದರೆ ನಿನ್ನ ಕೆಲಸ ತೆಗೆಸುತ್ತೇನೆ ಎಂದು ಇಂಗ್ಲಿಷಿನಲ್ಲಿ ಕಿರುಚಿದ.

ಅವನನ್ನು ಸುಮ್ಮನಾಗಿಸಲು, ನೋಡು, ತೆಗೆಯುತ್ತಿದ್ದೇನೆ ಎಂದು ತೋರಿಸುವುದಕ್ಕೆ, ನಾನು ಮೊದಲು ಕಣ್ಣೆದುರಿಗಿದ್ದ ಕೆಂಪು ಪಟ್ಟಿ ಕಿತ್ತೆ. ಸರಳು ಬಿಡಿಸಲು ಬಗ್ಗಿದೆ. ಅವನ ಸೂಟ್‌ಕೇಸು ನನ್ನ ಬೆರಳ ಮೇಲೆ ಬಿತ್ತು. ನೋವಿಗೂ ಸಿಟ್ಟಿಗೂ ಎದ್ದು ನಿಂತು ಅವನಿಗೆ ಎದುರು ಮಾತಾಡಿದೆ. ಅವನು ನನಗೆ ಬೆನ್ನು ತಿರುಗಿಸಿ, ಕಿಟಕಿಗೆ ಭುಜ ಕೊಟ್ಟು, ಮುಷ್ಟಿಯಿಂದ ಬಾಗಿಲನ್ನು ಎರಡು ಸಲ ಗುದ್ದಿದ.

ಹೊರಗೆ ಏಣಿಯ ಮೇಲೆ ಮುನಿಯಣ್ಣ ಆಗಷ್ಟೇ ತಟ್ಟಿದ್ದರು. ಅದಕ್ಕೆ ಉತ್ತರವೆಂಬಂತೆ ಒಳಗಿನಿಂದ ಎರಡು ಸಲ ತಟ್ಟಿದ ಸದ್ದು ಬಂತು. ಕಿಟಕಿಯಲ್ಲಿ ಕೆಂಪು ಪಟ್ಟಿ ಇರಲಿಲ್ಲ. ಹೆಬ್ಬೆರಳೂ ಇರಲಿಲ್ಲ, ಯಾರದೋ ಕೋಟಿನ ಬಟ್ಟೆ ಮಾತ್ರ ಕಂಡಿತು. ಮನೆಯ ಬಾಗಿಲಲ್ಲೂ ಕಾಯುತ್ತಿದ್ದ ಆ ಮನುಷ್ಯ ಅವತ್ತು ಕಾಯಲಿಲ್ಲ. ಹಿಡಿ ತಿರುಗಿಸಿ ಬಾಗಿಲು ಎಳೆದರು.

ಸದ್ದು ಗುಂಡು ಹೊಡೆದಂತಿತ್ತು. ಹಳದಿ ರಬ್ಬರು ಉಬ್ಬಿ ಏಣಿಯನ್ನೆಲ್ಲ ತುಂಬಿಕೊಂಡಿತು. ಮುನಿಯಣ್ಣ ಏಣಿಯ ಅರ್ಧದಲ್ಲಿ ಮೆಟ್ಟಿಲುಗಳ ಮೇಲೆ ಬಿದ್ದಿದ್ದರು, ಬಲಗೈ ಮೈಕೆಳಗೆ ಮಡಚಿಕೊಂಡಿತ್ತು. ಮೊಬೈಲಿನವನು ಹಿಂದೆ ಸರಿದು, ಹಿಂಬಾಗಿಲಿನಿಂದ ಇಳಿದು ಹೋದ. ಅವನ ಮೀಟಿಂಗು ಚೆನ್ನಾಗಿ ನಡೆದಿರಬೇಕು. ಅವನ ಹೆಸರನ್ನು ಆಮೇಲೆ ಯಾರೂ ಎತ್ತಲಿಲ್ಲ.

ಆ ಸಂಜೆ ನನ್ನ ಕೈಗೆ ಒಂದು ಹಾಳೆ ಕೊಟ್ಟು ನಡೆದದ್ದು ಬರೆ ಎಂದರು. ಪಟ್ಟಿ ಸ್ವಸ್ಥಾನದಲ್ಲಿತ್ತು, ಹೊರಗಿನ ಸಿಬ್ಬಂದಿ ಅದನ್ನು ಗಮನಿಸದೆ ತೆರೆದರು ಎಂದು ಬರೆದು ಸಹಿ ಹಾಕಿದೆ. ಕೆಲಸ ಹೋದರೆ ಗೌತಮಪುರದ ಬೀದಿಯಲ್ಲಿ ಹೇಗೆ ತಲೆಯೆತ್ತಲಿ ಎಂಬುದೊಂದೇ ತಲೆಯಲ್ಲಿತ್ತು. ಅವರು ಖಾಯಂ ನೌಕರರು, ಯೂನಿಯನ್ ಇದೆ, ಅವರನ್ನು ಯಾರೂ ತೆಗೆಯಲಾರರು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮೂರನೆಯ ದಿನ ಇಂದಿರಾನಗರದ ಆಸ್ಪತ್ರೆಗೆ ಹೋದೆ. ಭುಜದ ಮೂಳೆ ಮೂರು ಕಡೆ ಮುರಿದಿತ್ತು. ಲಕ್ಷ್ಮಮ್ಮ ನನ್ನ ಬೆರಳಿನ ಕಟ್ಟು ನೋಡಿ, ಅಯ್ಯೋ ನಿನಗೂ ಆಯ್ತಾ ತಾಯಿ ಎಂದು ಮೂಸಂಬಿ ಸುಲಿದುಕೊಟ್ಟರು. ಆಕೆ ಫ್ಲಾಸ್ಕು ತೊಳೆಯಲು ಹೋದಾಗ ನಾನು ಬರೆದುಕೊಟ್ಟದ್ದನ್ನು ಮುನಿಯಣ್ಣನಿಗೆ ಹೇಳಿದೆ. ನೀವು ಹೌದೆಂದುಬಿಟ್ಟರೆ ನಾನು ಉಳಿದುಕೊಳ್ಳುತ್ತೇನೆ, ನಿಮ್ಮ ಕಾಲಿಗೆ ಬೀಳುತ್ತೇನೆ ಎಂದೆ. ಅವರು ಎಡಗೈ ಅಡ್ಡ ಹಿಡಿದು ನನ್ನನ್ನು ತಡೆದರು.

"ಕಾಲಿಗೆಲ್ಲ ಬೀಳಬ್ಯಾಡ. ಸೋಮವಾರ ಎನ್‌ಕ್ವೈರಿ ಐತೆ. ಅಷ್ಟರೊಳಗೆ ನೀನೇ ಹೋಗಿ, ಬರೆದಿದ್ದು ಸುಳ್ಳು ಅಂತ ಹೇಳ್ಬಿಡು. ನೀನಾಗೇ ಹೇಳಿದ್ರೆ ಒಂದು ಲೆಕ್ಕ, ನನ್ನ ಬಾಯಿಂದ ಬಂದ್ರೆ ಇನ್ನೊಂದು ಲೆಕ್ಕ. ಪಟ್ಟಿ ಇತ್ತು ಅಂತ ಮಾತ್ರ ನಾನು ಹೇಳಲ್ಲ ಕಣಮ್ಮ. ಇರ್ಲಿಲ್ಲ."

ಅಷ್ಟು ದಿನ ಅವರನ್ನು ದೇವರಂಥವರು ಎನ್ನುತ್ತಿದ್ದ ನಾನು ಮೆಟ್ಟಿಲಿಳಿಯುವಾಗ ಹಟಮಾರಿ ಮುದುಕ ಎಂದು ಬೈದುಕೊಂಡೆ. ಶನಿವಾರ ಹೋಯಿತು, ಭಾನುವಾರ ಹೋಯಿತು. ನಾನು ಯಾರಿಗೂ ಏನೂ ಹೇಳಲಿಲ್ಲ.

ಸೋಮವಾರ ಆಫೀಸಿನಲ್ಲಿ ವಿಚಾರಣೆಯ ಅಧಿಕಾರಿ ಕೇಳಿದಾಗಲೂ, ಪಟ್ಟಿ ಇತ್ತು ಸಾರ್ ಎಂದೆ. ಆಮೇಲೆ ಮುನಿಯಣ್ಣನನ್ನು ಕರೆಸಿದರು. ಕೈಯನ್ನು ಕೊರಳಿಗೆ ಕಟ್ಟಿಕೊಂಡು, ಒಂದು ತೋಳು ಖಾಲಿ ಬಿಟ್ಟ ಷರಟಿನಲ್ಲಿ ಬಂದರು. ಎರಡು ಸಲ ತಟ್ಟಿ, ಅಧಿಕಾರಿ ತಲೆಯೆತ್ತಿದ ಮೇಲೆ ಒಳಗೆ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. ಅವರು ಹೇಳಿದ್ದು ನನಗೆ ಹೆಚ್ಚು ಕಮ್ಮಿ ಅಕ್ಷರಶಃ ನೆನಪಿದೆ.

"ಪಟ್ಟಿ ಇರ್ಲಿಲ್ಲ ಸಾರ್. ಹೆಬ್ಬೆಟ್ಟೂ ತೋರಿಸ್ಲಿಲ್ಲ, ತೋರಿಸ್ದೆ ನಾನು ಕದ ತೆಗೆದೆ, ಅದು ನನ್ನ ತಪ್ಪು. ಇನ್ನೊಂದು ಐತೆ, ಅದು ಇದಕ್ಕಿಂತ ದೊಡ್ಡದು. ಈ ಹುಡುಗೀರು ಅವಸರದಾಗೆ ಪಟ್ಟಿ ಮೊದ್ಲು ಕೀಳ್ತಾರೆ, ಸರಳು ಆಮೇಲೆ. ಏಣಿ ಮ್ಯಾಲೆ ನಿಂತು ಎಷ್ಟೋ ಸಲ ನೋಡಿವ್ನಿ. ಹೇಳಿದ್ರೆ ಪಾಪ ಬೈಸ್ಕೊತಾರೆ, ಹೆಣ್ಮಕ್ಳು ಅಂತ ಸುಮ್ಕಿದ್ದೆ. ನಾನು ಅವತ್ತೇ ಹೇಳಿದ್ರೆ ಇವತ್ತು ಈ ಕೈ ನೆಟ್ಟಗಿರ್ತಿತ್ತು."

ಅಧಿಕಾರಿ ನನ್ನ ಹಾಳೆ ಮುಂದಕ್ಕೆ ತಳ್ಳಿ, ಹಾಗಾದರೆ ಈಕೆ ಸುಳ್ಳು ಬರೆದಿದ್ದಾಳೆ, ಇವತ್ತೇ ಮನೆಗೆ ಕಳಿಸುತ್ತೇನೆ ಎಂದರು. ಮುನಿಯಣ್ಣ ತಲೆಯಾಡಿಸಿದರು.

"ಭಯಕ್ಕೆ ಬರೆದವ್ಳೆ ಸಾರ್. ಇವಳನ್ನ ಕಳಿಸಿದ್ರೆ ನಾಳೆಯಿಂದ ಎಲ್ರೂ ಭಯಕ್ಕೇ ಬರೀತಾರೆ. ಆಗ ನಿಮಗೆ ಯಾವ ಕದ ಎಲ್ಲಿ ಕೆಟ್ಟೈತೆ ಅಂತ ಯಾರೂ ಹೇಳಲ್ಲ."

ನನ್ನ ಕೆಲಸ ಉಳಿಯಿತು. ಆರು ತಿಂಗಳು ಹಾರಲು ಬಿಡಲಿಲ್ಲ, ಖಾಯಂ ಆಗುವುದು ಒಂದು ವರ್ಷ ತಡವಾಯಿತು. ಮುನಿಯಣ್ಣನನ್ನು ವಿಮಾನದಿಂದ ತೆಗೆದು ಸಾಮಾನು ಕೊಡುವ ಸ್ಟೋರಿನಲ್ಲಿ ಕೂರಿಸಿದರು. ಹೆಬ್ಬೆರಳು ನೋಡದೆ ತೆಗೆದದ್ದಕ್ಕೂ, ಇಷ್ಟು ವರ್ಷ ಹೇಳದೆ ಇದ್ದದ್ದಕ್ಕೂ ಸೇರಿ. ನಿವೃತ್ತರಾಗುವ ತನಕ ಅವರು ಮತ್ತೆ ಏಣಿ ಹತ್ತಲಿಲ್ಲ. ಇಳಿದ ಮೇಲೆ ಬಾಗಿಲಿಗೆ ಇಬ್ಬರು ನಿಲ್ಲಬೇಕು, ಒಬ್ಬಳು ಸರಳು ಬಿಡಿಸಿದ್ದನ್ನು ಇನ್ನೊಬ್ಬಳು ನೋಡಿದ ಮೇಲೆಯೇ ಪಟ್ಟಿಗೆ ಕೈ ಹಾಕಬೇಕು ಎಂಬ ನಿಯಮ ನಮ್ಮ ಕಂಪನಿಯಲ್ಲಿ ಅವತ್ತಿನಿಂದ ಬಂತು.

ನಾನು ಕೃತಜ್ಞಳಾಗಿರಬೇಕಿತ್ತು. ಆಗಲಿಲ್ಲ. ಅವರೆದುರು ನನ್ನ ಸುಳ್ಳು ಬಯಲಾಯಿತಲ್ಲ ಎಂಬ ಅವಮಾನವೇ ಹೆಚ್ಚಾಗಿತ್ತು. ಸ್ಟೋರಿನ ಮುಂದೆ ಹೋಗಬೇಕಾದರೆ ಸುತ್ತುಹಾಕಿ ಹೋಗುತ್ತಿದ್ದೆ. ಎದುರಾದರೆ ಅವರು ಎಡಗೈ ಎತ್ತಿ, ಚೆನ್ನಾಗಿದ್ದೀಯಾ ಸುಜಾತಮ್ಮ ಎನ್ನುತ್ತಿದ್ದರು, ನಾನು ಗಡಿಯಾರ ನೋಡಿಕೊಳ್ಳುತ್ತಿದ್ದೆ. ಹೀಗೆ ವರ್ಷಗಳು ಹೋದವು.

ವಿಮಾನಗಳೆಲ್ಲ ದೇವನಹಳ್ಳಿಯ ಹೊಸ ನಿಲ್ದಾಣಕ್ಕೆ ಹೋದ ವರ್ಷ ನಾನು ಅವರನ್ನು ಕೊನೆಯ ಸಲ ನೋಡಿದೆ. ಅಷ್ಟರಲ್ಲಿ ನಾನು ಹಾರುವುದು ಬಿಟ್ಟು ಹೊಸ ಹುಡುಗಿಯರಿಗೆ ಪಾಠ ಹೇಳುವವಳಾಗಿದ್ದೆ. ಕಗ್ಗದಾಸಪುರದಲ್ಲಿ ಯಾರನ್ನೋ ನೋಡಿಕೊಂಡು ಬರುವಾಗ ಆಟೋ ವಿಭೂತಿಪುರದ ದಾರಿ ಹಿಡಿಯಿತು. ನಿಲ್ಲಿಸು ಎಂದು ನನಗೇ ತಿಳಿಯದಂತೆ ಹೇಳಿಬಿಟ್ಟೆ. ಅವರು ಜಗಲಿಯ ಮೇಲೆ ಕೂತಿದ್ದರು. ಬಲಗೈ ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಲಕ್ಷ್ಮಮ್ಮ ಹಿಂದೆ ನಿಂತು ಅವರ ತಲೆ ಬಾಚುತ್ತಿದ್ದರು. ಮಾತಿಗೆ ಮಾತು ಬಂದು, ತರಗತಿಯಲ್ಲಿ ಬಾಗಿಲಿನ ಪಾಠಕ್ಕೆ ಆ ದಿನದ ಕಥೆಯನ್ನೇ ಹೇಳುತ್ತೇನೆ ಎಂದೆ. ಮುನಿಯಣ್ಣ ಹುರುಪಾದರು. ಹೇಗೆ ಹೇಳುತ್ತೀಯ ಎಂದರು. ಒಂದು ಊರಿನಲ್ಲಿ, ಒಬ್ಬ ಗಗನಸಖಿ, ಒಬ್ಬ ಮೆಕ್ಯಾನಿಕ್ ಎಂದು ಹೇಳುತ್ತೇನೆ ಎಂದೆ.

"ಹಂಗಲ್ಲ. ಹೆಸರಿಲ್ದೋರ ತಪ್ಪಿಂದ ಯಾರೂ ಕಲಿಯಲ್ಲ ಕಣಮ್ಮ. ಅದ್ಯಾರೋ ಬೇರೆಯೋರು ಅಂದ್ಕೊಂಡು ಸುಮ್ಕಾಗ್ತಾರೆ. ನನ್ನ ಹೆಸರು ಹೇಳು. ಹೆಬ್ಬೆಟ್ಟು ನೋಡ್ದೆ ತೆಗೆದೋನು ವಿಭೂತಿಪುರದ ಮುನಿವೆಂಕಟಪ್ಪ ಅಂತ ಹೇಳು. ನಂಗೇನೂ ಬೇಜಾರಿಲ್ಲ."

ನನ್ನ ಹೆಸರಿನ ಮಾತು ಅವರು ಎತ್ತಲೇ ಇಲ್ಲ. ಹುರಿಗಡಲೆ ಕೊಟ್ಟರು, ಅಪ್ಪನ ಆರೋಗ್ಯ ವಿಚಾರಿಸಿದರು. ಕ್ಷಮಿಸಿ ಎಂದು ಹೇಳಬೇಕೆಂದಿದ್ದೆ. ಲಕ್ಷ್ಮಮ್ಮ ಕುಂಕುಮ ಕೊಟ್ಟರು, ಆಟೋದವನು ಹಾರನ್ ಒತ್ತಿದ, ನಾನು ಹೊರಟುಬಂದೆ.

ಮರುವರ್ಷ ಅವರು ತೀರಿಕೊಂಡರು. ತಿಳಿದದ್ದು ತಡವಾಗಿ, ನಾನು ಹೋದದ್ದು ಹನ್ನೊಂದನೆಯ ದಿನಕ್ಕೆ. ಫೋಟೋಕ್ಕೆ ಹಾರ ಹಾಕಿದ್ದರು. ಮೂಲೆಯಲ್ಲಿ ಕೂತಿದ್ದ ಲಕ್ಷ್ಮಮ್ಮ, ನೀನು ಬಂದು ಹೋದ ಮೇಲೆ ನಮ್ಮ ಸುಜಾತಮ್ಮ ಮೇಷ್ಟ್ರಾಗವ್ಳೆ ಅಂತ ಎಲ್ಲರಿಗೂ ಹೇಳ್ಕೊಂಡು ಓಡಾಡ್ತಿದ್ರು ಎಂದರು. ಅಲ್ಲಿ ಅಳು ಬರಲಿಲ್ಲ, ಆಟೋ ಹತ್ತಿದ ಮೇಲೆ ಬಂತು.

ಆ ವಾರ ತರಗತಿಯಲ್ಲಿ ಬಾಗಿಲಿನ ಪಾಠವಿತ್ತು. ಇಪ್ಪತ್ತು ಹುಡುಗಿಯರು, ನೋಟ್‌ಬುಕ್ಕು ಬಿಚ್ಚಿಕೊಂಡು ಕೂತಿದ್ದರು. ಹೆಬ್ಬೆರಳು ನೋಡದೆ ಬಾಗಿಲು ತೆಗೆದವರು ವಿಭೂತಿಪುರದ ಮುನಿವೆಂಕಟಪ್ಪ ಎಂಬ ಮೆಕ್ಯಾನಿಕ್ ಎಂದು ಅವರ ಹೆಸರು ಹೇಳಿದೆ. ಹುಡುಗಿಯರು ಬರೆದುಕೊಂಡರು. ಕೆ.ಆರ್. ಪುರದಿಂದ ಬರುತ್ತಿದ್ದ ಒಬ್ಬಳು, ಎಲ್ಲಕ್ಕೂ ಪ್ರಶ್ನೆ ಕೇಳುವವಳು, ಕೈಯೆತ್ತಿದಳು.

"ಪಟ್ಟಿ ಮೊದ್ಲು ತೆಗೆದೋರ ಹೆಸ್ರೇನು ಮ್ಯಾಮ್?"

"ಸುಜಾತ," ಎಂದೆ. "ನಾನೇ. ಪಟ್ಟಿ ಇತ್ತು ಅಂತ ಸುಳ್ಳು ಬರೆದುಕೊಟ್ಟೋಳೂ ನಾನೇ. ಬರ್ಕೊಳ್ಳಿ."